ಉಡುಪಿ ಪರಿಸರದಲ್ಲಿ ಭಾಷಾಂತರದ ಕಲಿಕೆ: ಒಂದು ಚಾರಿತ್ರಿಕ ಅವಲೋಕನ

ಮಲ್ಪೆಯಿಂದ ಕಡಲ ಬದಿಯ ದಾರಿ ಹಿಡಿದು ಉತ್ತರಕ್ಕೆ ಸಾಗಿದರೆ ಸಿಗುವ ಹೂಡೆ ಪಡುತೋನ್ಸೆಯ ಒಂದು ಭಾಗ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಸುವರ್ಣಾ ನದಿ. ಎರಡರ ನಡುವೆ ತೆಂಗಿನ ತೋಟಗಳ ಒಂದು ಕಿರಿದಾದ ಪಟ್ಟಿ. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು (1856) ಬರೆದ ರಾಬರ್ಟ್ ಕಾಲ್ಡ್‌ವೆಲ್ ತುಳು ಭಾಷೆಯ ಸೀಮೆಯನ್ನು ತೆಂಕಣ ಚಂದ್ರಗಿರಿ ಮತ್ತು ಬಡಗಣ ಕಲ್ಯಾಣಪುರ ನದಿಗಳ ನಡುವೆ ಗುರುತಿಸಿದನು. ಕಲ್ಯಾಣಪುರ ನದಿಯೆಂದರೆ ಈ ಸುವರ್ಣೆಯೇ. ಆ ಲೆಕ್ಕದಲ್ಲಿ ಹೂಡೆ ಒಂದು ಭಾಷೆಯ ಅಂಚಿನಲ್ಲಿ ನಿಂತ ಊರು. ನದಿಗಳನ್ನು ದಾಟಿ ಬಾರಕೂರು, ಸಾಲಿಗ್ರಾಮಗಳತ್ತ ಹೋದಂತೆ ತುಳು ತೆಳುವಾಗಿ ಕುಂದಾಪುರದ ಕನ್ನಡ ದಟ್ಟವಾಗುತ್ತದೆ. ನಕ್ಷೆಯ ಗೆರೆಯಷ್ಟು ಸರಳವಾಗಿ ಜನರ ಮಾತು ಒಡೆಯುವುದಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಈ ತೀರದ ಮೊಗವೀರರ ಮನೆಗಳಲ್ಲಿ ತುಳುವೋ ಕುಂದಗನ್ನಡವೋ, ಕ್ರೈಸ್ತರ ಮತ್ತು ಗೌಡ ಸಾರಸ್ವತರ ಮನೆಗಳಲ್ಲಿ ಎರಡು ಬಗೆಯ ಕೊಂಕಣಿ, ಮುಸಲ್ಮಾನರ ಮನೆಗಳಲ್ಲಿ ಬ್ಯಾರಿ ಅಥವಾ ಉರ್ದು. ಶಾಲೆ ಮತ್ತು ಕಚೇರಿಗಳಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್.

ಇಂತಹ ಪ್ರದೇಶದ ಒಂದು ಸ್ಥಳೀಯ ಕಾಲೇಜಿನಲ್ಲಿ ಭಾಷಾಂತರವನ್ನು ಪಾಠವಾಗಿ ಕಲಿಯುವುದೆಂದರೆ ಏನು ಎಂಬ ಪ್ರಶ್ನೆ ಈ ಲೇಖನದ ಪ್ರೇರಣೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2013ರ ಸುಮಾರಿಗೆ ಸಮುದಾಯ ಕಾಲೇಜುಗಳ ಯೋಜನೆಯನ್ನು ಜಾರಿಗೆ ತಂದಾಗ, ಊರಿನ ಅಗತ್ಯಕ್ಕೆ ಹೊಂದುವ ಕೌಶಲಗಳನ್ನು ಊರಿನಲ್ಲಿಯೇ ಕಲಿಸಬೇಕೆಂಬುದು ಅದರ ಆಶಯವಾಗಿತ್ತು. ಕರಾವಳಿಯ ಮಟ್ಟಿಗೆ ಅಂತಹ ಕೌಶಲಗಳಲ್ಲಿ ಭಾಷಾಂತರಕ್ಕಿಂತ ಹಳೆಯದು ಬೇರೊಂದಿರಲಾರದು. ಆದರೆ ಇಲ್ಲಿ ಅದು ಬಹುಕಾಲ ತರಗತಿಯ ವಿಷಯವಾಗಿರಲಿಲ್ಲ. ಅದನ್ನು ಜನ ಎಲ್ಲಿ, ಯಾರಿಂದ, ಹೇಗೆ ಕಲಿತರು ಎಂಬುದನ್ನು ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ: ಇಲ್ಲಿಯ ಭಾಷಾಂತರ ಮೂಲತಃ ಇಬ್ಬರ ಕೆಲಸ. ಹೇಳುವವನೊಬ್ಬ, ಬರೆಯುವವನೊಬ್ಬ. ಪರೀಕ್ಷೆಯ ಪದ್ಧತಿ ಬಂದ ಮೇಲೆ ಅದು ಒಬ್ಬನ ಕೆಲಸವಾಯಿತು. ಹಾಗಾದಾಗ ಹೇಳುವವನ ಭಾಷೆಯೂ ಅವನ ಹೆಸರೂ ಹಿಂದೆ ಸರಿದವು.

ಅಚ್ಚಿನ ಕಾಲಕ್ಕಿಂತ ಮೊದಲಿನ ಸ್ಥಿತಿಯನ್ನು ಸಂಕ್ಷೇಪವಾಗಿ ಹೇಳಬಹುದು. ಆಳುಪರ ರಾಜಧಾನಿಯಾಗಿದ್ದ ಬಾರಕೂರಿನ ಶಾಸನಗಳ ಭಾಷೆ ಬಹುಪಾಲು ಕನ್ನಡ. ತುಳುವಿನಲ್ಲಿ ನಡೆದಿರಬಹುದಾದ ದಾನ, ಗಡಿ, ತೆರಿಗೆಗಳ ಮಾತುಕತೆಯನ್ನು ಕನ್ನಡದಲ್ಲಿ ಕಲ್ಲಿಗೆ ಇಳಿಸಿದ ಬರಹಗಾರನನ್ನು ಈ ನಾಡಿನ ಮೊದಲ ಭಾಷಾಂತರಕಾರನೆಂದು ಕರೆದರೆ ಅತಿಶಯವಾಗದು. ತುಳುವಿಗೂ ಕಾವ್ಯದ ಭಾಷಾಂತರ ಪರಂಪರೆ ಇತ್ತೆಂಬುದು ವೆಂಕಟರಾಜ ಪುಣಿಂಚತ್ತಾಯರು ವಿಷ್ಣುತುಂಗನ ‘ಶ್ರೀಭಾಗವತೊ’ವನ್ನು ತುಳು ಲಿಪಿಯ ತಾಳೆಗರಿಗಳಿಂದ ಬೆಳಕಿಗೆ ತಂದಾಗ ಖಚಿತವಾಯಿತು. ಅಕ್ಷರ ಬಾರದವರಿಗೂ ಕಲಿಕೆಯ ಒಂದು ಪಾಠಶಾಲೆಯಿತ್ತು; ಅದು ಯಕ್ಷಗಾನದ ರಂಗಸ್ಥಳ ಮತ್ತು ತಾಳಮದ್ದಳೆಯ ಚಾವಡಿ. ಭಾಗವತನು ಹಾಡಿದ ಪದ್ಯವನ್ನು ಕಲಾವಿದನು ಆಡುಮಾತಿಗೆ ಬಿಡಿಸುವುದಕ್ಕೆ ‘ಅರ್ಥ ಹೇಳುವುದು’ ಎಂದೇ ಹೆಸರು, ಹೇಳುವವನು ಅರ್ಥಧಾರಿ. ಭಾಷಾಂತರಕ್ಕೆ ಇಷ್ಟು ನೇರವಾದ ದೇಶೀಯ ಪಾರಿಭಾಷಿಕ ಪದ ನಮ್ಮಲ್ಲಿದ್ದೂ ಭಾಷಾಂತರ ಮೀಮಾಂಸೆಯ ನಮ್ಮ ಪುಸ್ತಕಗಳು ಅದನ್ನು ಅಷ್ಟಾಗಿ ಗಣನೆಗೆ ತೆಗೆದುಕೊಂಡಿಲ್ಲ. ಪಾರ್ತಿಸುಬ್ಬನ ಕನ್ನಡ ಪ್ರಸಂಗವನ್ನು ಬಾಯಾರು ಸಂಕಯ್ಯ ಭಾಗವತರು ತುಳುವಿಗೆ ತಂದು 1887ರಲ್ಲಿ ಅಚ್ಚಿಗೆ ಕೊಟ್ಟದ್ದು ಈ ರಂಗಶಿಕ್ಷಣದ ಫಲವೇ ಹೊರತು ಯಾವ ಶಾಲೆಯ ಶಿಕ್ಷಣದ ಫಲವೂ ಅಲ್ಲ.

ವ್ಯವಸ್ಥಿತವಾದ ಕಲಿಕೆ ಆರಂಭವಾದುದು ಬಾಸೆಲ್ ಮಿಶನ್ನಿನೊಂದಿಗೆ. ಸ್ಯಾಮುವೆಲ್ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಎಂಬ ಮೂವರು 1834ರಲ್ಲಿ ಮಂಗಳೂರಿಗೆ ಬಂದರು. ಅವರಲ್ಲಿ ತುಳುವನ್ನು ಹಿಡಿದವನು ಗ್ರೈನರ್. ಮತ್ತಾಯನ ಸುವಾರ್ತೆಯ ತುಳು ಭಾಷಾಂತರ 1842ರಲ್ಲಿಯೂ ಇಡೀ ಹೊಸ ಒಡಂಬಡಿಕೆ 1847ರಲ್ಲಿಯೂ ಹೊರಬಂದವು. ನಡುವೆ 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ಸ್ಥಾಪನೆಯಾಯಿತು. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದನು. ಆ ಪತ್ರಿಕೆ ಒಂದು ದೃಷ್ಟಿಯಿಂದ ಪಾಕ್ಷಿಕವಾಗಿ ನಡೆದ ಭಾಷಾಂತರ ತರಗತಿ. ಸರ್ಕಾರದ ನಿರೂಪಗಳು, ದೂರದೇಶದ ವರ್ತಮಾನಗಳು ಅದರಲ್ಲಿ ಕನ್ನಡಕ್ಕಿಳಿದವು. ಅದುವರೆಗೆ ಕನ್ನಡ ಗದ್ಯ ಹೇಳಬೇಕಾಗಿ ಬಾರದಿದ್ದ ಸಂಗತಿಗಳನ್ನು ಹೇಳುವ ವಾಕ್ಯಗಳನ್ನು ಅಲ್ಲಿ ಕಟ್ಟಲಾಯಿತು.

ಈ ಕೆಲಸದ ಕ್ರಮವೇನು? ಜರ್ಮನ್ ಪಾದ್ರಿ ತಾನೊಬ್ಬನೇ ಕುಳಿತು ತುಳುವಿಗಾಗಲಿ ಕನ್ನಡಕ್ಕಾಗಲಿ ಭಾಷಾಂತರಿಸುವುದು ಸಾಧ್ಯವಿರಲಿಲ್ಲ. ಅವನ ಎದುರಿಗೆ ಒಬ್ಬ ಮುನ್ಶಿ, ಇಲ್ಲವೆ ಹೊಸದಾಗಿ ಮತಾಂತರಗೊಂಡ ಒಬ್ಬ ಬಿಲ್ಲವ ತರುಣ ಕುಳಿತಿರುತ್ತಿದ್ದನು. ಪಾದ್ರಿ ತನಗೆ ತಿಳಿದಷ್ಟು ಮಾತಿನಲ್ಲಿ ಅರ್ಥವನ್ನು ಹೇಳುವುದು, ಎದುರಿನವನು ಅದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳುವುದು, ಬರೆದುದನ್ನು ಮತ್ತೊಬ್ಬರಿಗೆ ಓದಿ ಕೇಳಿಸಿ ತಿದ್ದುವುದು. ಈ ಜಗಲಿಯ ಪಾಠದಲ್ಲಿ ಗುರು ಯಾರು, ಶಿಷ್ಯ ಯಾರು ಎಂದು ಬೇರ್ಪಡಿಸುವುದು ಕಷ್ಟ. ತುಳುವಿನಲ್ಲಿ ಪಾದ್ರಿ ಶಿಷ್ಯ. ವ್ಯಾಕರಣದ ಕಲ್ಪನೆ, ಅಚ್ಚಿನ ಶಿಸ್ತುಗಳಲ್ಲಿ ಸ್ಥಳೀಯನು ಶಿಷ್ಯ. ಯಾವ ತುಳುವನ್ನು ಬರೆಯಬೇಕು, ಶಿವಳ್ಳಿ ಬ್ರಾಹ್ಮಣರ ತುಳುವನ್ನೋ ಬಹುಜನರ ಸಾಮಾನ್ಯ ತುಳುವನ್ನೋ, ಎಂಬ ಪ್ರಶ್ನೆಯೂ ಇಲ್ಲಿಯೇ ತೀರ್ಮಾನವಾಯಿತು. ಎದುರಿಗೆ ಕುಳಿತವರ ಮಾತು ಯಾವುದೋ ಅದು ಪುಸ್ತಕದ ತುಳುವಾಯಿತು. ಲಿಪಿಯ ಆಯ್ಕೆಯೂ ಹಾಗೆಯೇ: ಮುದ್ರಣಾಲಯದಲ್ಲಿ ನಡೆಯುತ್ತಿದ್ದುದು ಕನ್ನಡ ಅಕ್ಷರ, ತುಳುವೂ ಅದನ್ನೇ ತೊಟ್ಟಿತು, ತುಳು ಲಿಪಿ ತಾಳೆಗರಿಯಲ್ಲಿಯೇ ಉಳಿಯಿತು.

ಈ ಪರಂಪರೆಯ ಪುಸ್ತಕಗಳ ಪಟ್ಟಿ ಅಭ್ಯಾಸಿಗಳಿಗೆ ತಿಳಿದದ್ದೇ: ಬ್ರಿಗೆಲ್‌ನ ತುಳು ವ್ಯಾಕರಣ (1872), ಮ್ಯಾನರ್‌ನ ತುಳು–ಇಂಗ್ಲಿಷ್ (1886) ಮತ್ತು ಇಂಗ್ಲಿಷ್–ತುಳು (1888) ನಿಘಂಟುಗಳು, ಕಿಟೆಲ್‌ನ ಕನ್ನಡ–ಇಂಗ್ಲಿಷ್ ನಿಘಂಟು (1894). ಮಂಗಳೂರಿನ ಜೆಸ್ವಿತ್ ಪಾದ್ರಿ ಆಂಜೆಲೊ ಮಾಫೆಯಿ ಬರೆದ ಕೊಂಕಣಿ ವ್ಯಾಕರಣ (1882), ನಿಘಂಟು (1883) ಎರಡೂ ಪ್ರಾಟೆಸ್ಟಂಟರ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿಯೇ ಅಚ್ಚಾದುದು ಆ ಕಾಲದ ಒಂದು ಸ್ವಾರಸ್ಯ. ಹೀಗೆ ಒಂದು ತಲೆಮಾರಿನೊಳಗೆ ಕರಾವಳಿಯ ಮೂರು ಭಾಷೆಗಳಿಗೆ ಇಂಗ್ಲಿಷ್ ಮೂಲಕ ಕಲಿಯುವ ಸಾಧನಗಳು ಒದಗಿದವು. ಮುಖಪುಟಗಳಲ್ಲಿ ಇರುವುದು ಬರೆದವನ ಹೆಸರು, ಹೇಳಿದವನದಲ್ಲ. ಪೀಠಿಕೆಯಲ್ಲಿ ಒಂದೆರಡು ಕೃತಜ್ಞತೆಯ ವಾಕ್ಯಗಳಿದ್ದರೂ ಗ್ರಂಥಾಲಯದ ಕಾರ್ಡಿಗೆ ಹತ್ತುವುದು ಮುಖಪುಟವೇ ತಾನೆ.

ಈ ಮೌನಕ್ಕೆ ಅಪವಾದವಾಗಿ ನಿಲ್ಲುವವರು ಆನಂದರಾವ್ ಕೌಂಡಿನ್ಯ (1825–1893). ಮಂಗಳೂರಿನ ಸಾರಸ್ವತ ಮನೆತನದ ಈ ತರುಣ ಮಿಶನ್ನಿನ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ. 1844ರಲ್ಲಿ ಮತಾಂತರಗೊಂಡು, ಮೋಗ್ಲಿಂಗನೊಂದಿಗೆ ಬಾಸೆಲ್‌ಗೆ ಹೋಗಿ ಅಲ್ಲಿ ಓದಿ, 1851ರಲ್ಲಿ ದೀಕ್ಷೆ ಪಡೆದು ಮರಳಿ ಮಂಗಳೂರಿನ ಉಪದೇಶಕರ ಶಾಲೆಯಲ್ಲಿ ಅಧ್ಯಾಪಕರಾದರು. ಕೊಂಕಣಿ ಮನೆಮಾತು, ಕನ್ನಡ ವಿದ್ಯೆಯ ಮಾತು, ತುಳು ಬೀದಿಯ ಮಾತು. ಮೇಲೆ ಇಂಗ್ಲಿಷ್ ಮತ್ತು ಜರ್ಮನ್. ಜಗಲಿಯ ಎರಡೂ ಬದಿಗಳಲ್ಲಿ ಕುಳಿತವರು ಅವರೊಬ್ಬರೇ ಎನ್ನಬಹುದು. ಆ ಸ್ಥಾನಕ್ಕೆ ಅವರು ತೆತ್ತ ಬೆಲೆಯೂ ಅಲ್ಪವಲ್ಲ: ಮತಾಂತರದೊಂದಿಗೆ ಹುಟ್ಟಿದ ಸಮಾಜದಿಂದ ಹೊರಗಾದರು. ಎರಡು ಭಾಷೆಗಳ ನಡುವೆ ಓಡಾಡುವವನನ್ನು ಎರಡೂ ಕಡೆಯವರು ಸ್ವಲ್ಪ ಸಂಶಯದಿಂದಲೇ ನೋಡುತ್ತಾರೆ ಎಂಬುದಕ್ಕೆ ಅವರ ಬಾಳು ಒಂದು ನಿದರ್ಶನ.

ಮಿಶನ್ನಿನಷ್ಟು ಚರ್ಚೆಗೆ ಒಳಗಾಗದ, ಆದರೆ ಸಾಮಾನ್ಯ ಜನರ ಬದುಕಿಗೆ ಹೆಚ್ಚು ಹತ್ತಿರವಾದ ಇನ್ನೊಂದು ಭಾಷಾಂತರ ಶಾಲೆ ನ್ಯಾಯಾಲಯ. ಟಿಪ್ಪುವಿನ ಪತನದ (1799) ಬಳಿಕ ಕೆನರಾ ಕಂಪೆನಿಯ ಆಡಳಿತಕ್ಕೆ ಬಂದು, 1956ರ ನವೆಂಬರ್ 1ರವರೆಗೂ ದಕ್ಷಿಣ ಕನ್ನಡ ಮದರಾಸಿಗೆ ಸೇರಿತ್ತು. ಉಡುಪಿ, ಕಾರ್ಕಳಗಳ ಮುನ್ಸಿಫ್ ಕೋರ್ಟುಗಳಲ್ಲಿ ಸಾಕ್ಷಿಯು ತುಳುವಿನಲ್ಲಿ ಹೇಳಿದ್ದು ಕನ್ನಡದಲ್ಲಿ ದಾಖಲಾಗಿ, ಮೇಲ್ಮನವಿಗೆ ಹೋಗುವಾಗ ಇಂಗ್ಲಿಷಿಗೆ ತಿರುಗುತ್ತಿತ್ತು. ಎರಡು ಹೊಳೆ ದಾಟಿದ ಈ ಮಾತಿನ ಮೇಲೆ ಒಂದು ಕುಟುಂಬದ ಗದ್ದೆ, ಮನೆ, ಯಜಮಾನಿಕೆ ನಿಂತಿದ್ದವು.

ಒಂದು ಪದವನ್ನು ಗಮನಿಸಬಹುದು: ‘ಅಳಿಯ’. ಕನ್ನಡದಲ್ಲಿ ಅದು ಮಗಳ ಗಂಡನೂ ಹೌದು, ಸೋದರಿಯ ಮಗನೂ ಹೌದು. ಇಂಗ್ಲಿಷಿಗೆ ಹೋಗುವಾಗ ಎರಡರಲ್ಲಿ ಒಂದನ್ನು ಆರಿಸಲೇಬೇಕು. ಅಳಿಯಸಂತಾನ ಪದ್ಧತಿಯ ಕುಟುಂಬದಲ್ಲಿ ಸೋದರಿಯ ಮಗ ಆಸ್ತಿಯಲ್ಲಿ ಪಾಲುಳ್ಳವನು, ಮಗಳ ಗಂಡ ಹೊರಗಿನವನು. ತಪ್ಪು ಆಯ್ಕೆಯಿಂದ ವ್ಯಾಕರಣ ಕೆಡುವುದಿಲ್ಲ, ವ್ಯಾಜ್ಯವೇ ಕೆಡುತ್ತದೆ. ಕೋರ್ಟಿನ ಭಾಷಾಂತರಕಾರರು ಇಂತಹ ಕಡೆ ಕಲಿತ ಪಾಠವೆಂದರೆ ಎಲ್ಲವನ್ನೂ ಭಾಷಾಂತರಿಸಬಾರದು ಎಂಬುದು. ಮೂಲಗೇಣಿ, ಚಾಲಗೇಣಿ, ವರ್ಗ, ಕುಮ್ಕಿ ಮೊದಲಾದ ಪದಗಳು ಇಂಗ್ಲಿಷ್ ತೀರ್ಪುಗಳಲ್ಲಿ ಹಾಗೆಯೇ ಉಳಿದವು. ಕುಮ್ಕಿಯೆಂದರೆ ಫಾರಸಿ ಮೂಲದಲ್ಲಿ ನೆರವು. ಇಲ್ಲಿ ಅದು ವರ್ಗದಾರನು ತನ್ನ ಜಮೀನಿನಿಂದ 100 ಗಜದೊಳಗಿನ ಸರ್ಕಾರಿ ನೆಲದಲ್ಲಿ ಸೊಪ್ಪು, ಸೌದೆಗಳಿಗಾಗಿ ಪಡೆದ ಸೌಕರ್ಯ. ಇದಕ್ಕೆ ಸಮಾನಪದ ಯಾವ ಭಾಷೆಯಲ್ಲಿ ಇದ್ದೀತು? 1949ರ ಮದರಾಸು ಅಳಿಯಸಂತಾನ ಕಾಯಿದೆಯಲ್ಲಿ ‘ಕವರು’ ಎಂಬ ಪದಕ್ಕೆ ವಿವರಣೆಯನ್ನು ಕೊಟ್ಟರು: ಒಬ್ಬ ಸ್ತ್ರೀ, ಆಕೆಯ ಮಕ್ಕಳು ಮತ್ತು ಸ್ತ್ರೀಪರಂಪರೆಯಲ್ಲಿ ಬಂದ ವಂಶಜರ ಗುಂಪು. ಪದ ಮಾತ್ರ ನಮ್ಮದೇ ಉಳಿಯಿತು. ಶಾಸನಸಭೆಯ ಇಂಗ್ಲಿಷಿನೊಳಗೆ ಕರಾವಳಿಯ ಮನೆಯೊಂದರ ಪದ ತಲೆಯೆತ್ತಿ ನಿಂತಿರುವುದರ ಹಿಂದೆ ಹಲವು ಅನಾಮಧೇಯ ಗುಮಾಸ್ತರ ಅನುಭವವಿದೆ ಎಂದೇ ನನ್ನ ಭಾವನೆ.

ಇದಕ್ಕೆ ವಿರುದ್ಧವಾದ ನಿದರ್ಶನವೂ ಮಂಗಳೂರಿನ ನ್ಯಾಯಾಧೀಶರಿಂದಲೇ ಬಂದಿದೆ. ಜಿಲ್ಲಾ ನ್ಯಾಯಾಧೀಶನಾಗಿದ್ದ ಎ.ಸಿ. ಬರ್ನೆಲ್ ಸಂಗ್ರಹಿಸಿದ್ದ ಭೂತಾರಾಧನೆಯ ಸಾಮಗ್ರಿ, ಪಾಡ್ದನಗಳು ಅವನ ಮರಣಾನಂತರ 1894ರಿಂದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟವಾದವು. ಅದರ ಶೀರ್ಷಿಕೆಯಲ್ಲಿ ‘ಭೂತ’ವು ‘ಡೆವಿಲ್’ ಆಗಿದೆ. ಸಾಮಗ್ರಿಯ ಬೆಲೆ ಅಪಾರ. ಶೀರ್ಷಿಕೆಯ ಆ ಒಂದು ಪದದಿಂದ ಆದ ಹಾನಿಯೂ ಅಪಾರ. ತುಳುವರಿಗೆ ದೈವವೆಂದರೆ ಕುಟುಂಬದ ಹಿರಿಯ, ಗ್ರಾಮದ ನ್ಯಾಯಕರ್ತ, ಭೂಮಿಯ ಒಡೆಯ. ಆ ಸಂಬಂಧವನ್ನೆಲ್ಲ ಒಂದೇ ಪದ ಅಳಿಸಿಹಾಕಿತು. ಕವರು, ಕುಮ್ಕಿಗಳ ಬಗ್ಗೆ ತೋರಿದ ಎಚ್ಚರವನ್ನು ದೈವದ ಬಗ್ಗೆ ತೋರದೆ ಹೋದುದೇಕೆ? ಆಸ್ತಿಯ ಪದವನ್ನು ತಪ್ಪಾಗಿ ತಿರುಗಿಸಿದರೆ ಎದುರುಕಕ್ಷಿಯ ವಕೀಲ ಎದ್ದು ನಿಲ್ಲುತ್ತಾನೆ. ಪಾಡ್ದನ ಹಾಡಿದವರ ಪರವಾಗಿ ಎದ್ದು ನಿಲ್ಲಲು ಆ ಪತ್ರಿಕೆಯ ಓದುಗರಲ್ಲಿ ಯಾರೂ ಇರಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಶಾಲೆ–ಕಾಲೇಜುಗಳು ಹೆಚ್ಚಿದಂತೆ ಭಾಷಾಂತರ ಪಠ್ಯಕ್ರಮದೊಳಗೆ ಬಂತು. ಇಂಗ್ಲಿಷಿನ ಒಂದು ಪರಿಚ್ಛೇದವನ್ನು ಕೊಟ್ಟು ಕನ್ನಡಕ್ಕೆ ತಿರುಗಿಸಿರಿ ಎಂಬ ಪ್ರಶ್ನೆ ನಮ್ಮ ಹಿರಿಯರೆಲ್ಲರಿಗೂ ಪರಿಚಿತ. ಈ ಅಭ್ಯಾಸದಿಂದ ಕನ್ನಡ ಗದ್ಯಕ್ಕೆ ಆದ ಲಾಭವನ್ನು ಅಲ್ಲಗಳೆಯಲಾಗದು. ಮಂಜೇಶ್ವರದ ಗೋವಿಂದ ಪೈಗಳು ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದದ್ದು, ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಪ್ರಾಂಶುಪಾಲರಾಗಿದ್ದ ಗೋಪಾಲಕೃಷ್ಣ ಅಡಿಗರು ವಿಟ್‌ಮನ್ನನನ್ನು ‘ಹುಲ್ಲಿನ ದಳಗಳು’ ಆಗಿಸಿದ್ದು ಇಂಗ್ಲಿಷ್ ವಿದ್ಯಾಭ್ಯಾಸವಿಲ್ಲದೆ ಆಗುತ್ತಿರಲಿಲ್ಲ. ಬನ್ನಂಜೆ ಗೋವಿಂದಾಚಾರ್ಯರದು ಬೇರೆಯೇ ದಾರಿ. ಸಂಸ್ಕೃತದ ವ್ಯಾಖ್ಯಾನ ಪರಂಪರೆಯಲ್ಲಿ ಪಳಗಿದ ಅವರು ‘ಮೃಚ್ಛಕಟಿಕ’ವನ್ನು ‘ಆವೆಯ ಮಣ್ಣಿನ ಆಟದ ಬಂಡಿ’ ಎಂದು ಕರೆದಾಗ ಅರ್ಥಧಾರಿಯ ಕಿವಿ ಎಚ್ಚೆತ್ತಿರುವುದು ತಿಳಿಯುತ್ತದೆ. ಆದರೆ ಇವರೆಲ್ಲ ಪ್ರತಿಭಾವಂತರು. ಸಾಮಾನ್ಯ ವಿದ್ಯಾರ್ಥಿಗೆ ಪರೀಕ್ಷೆಯ ಭಾಷಾಂತರ ಕಲಿಸಿದ್ದೇನು? ಭಾಷೆಗಳು ಎರಡೇ, ಇಂಗ್ಲಿಷ್ ಮತ್ತು ಕನ್ನಡ ಎಂದು; ಸರಿಯುತ್ತರ ಒಂದೇ ಎಂದು; ಪಕ್ಕದವನನ್ನು ಕೇಳುವುದು ಅಪರಾಧವೆಂದು. ಮಿಶನ್ನಿನ ಜಗಲಿಯಲ್ಲಿ, ಕೋರ್ಟಿನ ಕಟಕಟೆಯಲ್ಲಿ ಭಾಷಾಂತರದ ಪ್ರಾಣವೇ ಆಗಿದ್ದ ‘ಕೇಳುವುದು’ ಪರೀಕ್ಷಾ ಕೊಠಡಿಯಲ್ಲಿ ನಕಲು ಎನಿಸಿತು. ಮನೆಯಲ್ಲಿ ಕೊಂಕಣಿ, ಬ್ಯಾರಿ, ತುಳು ಆಡುವ ಹುಡುಗನೊಬ್ಬ ಕನ್ನಡಕ್ಕೆ ಬರುವಾಗಲೇ ಒಮ್ಮೆ ಭಾಷಾಂತರಿಸಿರುತ್ತಾನೆ. ಆ ಮೊದಲ ಭಾಷಾಂತರಕ್ಕೆ ಅಂಕವಿಲ್ಲ.

ಜಗಲಿಯ ಕ್ರಮ ಮತ್ತೆ ಕಾಣಿಸಿಕೊಂಡದ್ದು ಉಡುಪಿಯಲ್ಲಿ, ಒಂದು ಕಾಲೇಜಿನ ಆವರಣದಲ್ಲಿಯೇ. ಡಾ. ಟಿ.ಎಂ.ಎ. ಪೈಯವರು 1949ರಲ್ಲಿ ಆರಂಭಿಸಿದ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರ ದೂರದೃಷ್ಟಿಯಿಂದ ಬೆಳೆದ ಗೋವಿಂದ ಪೈ ಸಂಶೋಧನ ಕೇಂದ್ರವು 1979ರಲ್ಲಿ ತುಳು ನಿಘಂಟಿನ ಯೋಜನೆಯನ್ನು ಕೈಗೊಂಡಿತು. ಡಾ. ಯು.ಪಿ. ಉಪಾಧ್ಯಾಯರು ಪ್ರಧಾನ ಸಂಪಾದಕರು. 1988ರಿಂದ 1997ರವರೆಗೆ ಆರು ಸಂಪುಟಗಳು ಹೊರಬಂದವು. ತುಳು ಪದಕ್ಕೆ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲಿಯೂ ಅರ್ಥವನ್ನು ಕೊಡುವ ಈ ನಿಘಂಟು ಪದವು ಯಾವ ಪ್ರದೇಶದ್ದು, ಯಾವ ಸಮುದಾಯದ ಆಡುಮಾತಿನದು ಎಂಬುದನ್ನೂ ಸೂಚಿಸುತ್ತದೆ. ಅದಕ್ಕಾಗಿ ಸಂಗ್ರಹಕಾರರು ಊರೂರು ಅಲೆದು, ಹೇಳುವವರ ಎದುರು ಕುಳಿತರು. ಉಪಾಧ್ಯಾಯರ ಪತ್ನಿ ಡಾ. ಸುಶೀಲಾ ಪಿ. ಉಪಾಧ್ಯಾಯರು ಬ್ಯಾರಿ ಭಾಷೆಯನ್ನು ಕುರಿತು ಸಂಶೋಧನೆ ನಡೆಸಿದುದನ್ನೂ ಇಲ್ಲಿ ನೆನೆಯಬೇಕು. ‘ಬರಹವಿಲ್ಲದ ಮಾತು’ ಎಂದು ಬದಿಗಿಟ್ಟಿದ್ದ ಭಾಷೆಗೆ ವಿದ್ವತ್ತಿನ ಪೀಠ ಸಿಕ್ಕಿದುದು ಇಂತಹ ಕೆಲಸದಿಂದ. ಮೀನುಗಾರ, ಕುಂಬಾರ, ಗದ್ದೆಯಲ್ಲಿ ನೇಜಿ ನೆಡುವ ಹೆಂಗಸು ತಮ್ಮ ಪದದ ಅರ್ಥವನ್ನು ಬಿಡಿಸಿ ಹೇಳಿದರು, ಪದವೀಧರರು ಬರೆದುಕೊಂಡರು. ನನ್ನ ಮಟ್ಟಿಗೆ ಉಡುಪಿಯಲ್ಲಿ ನಡೆದ ಅತ್ಯುತ್ತಮ ಭಾಷಾಂತರ ತರಗತಿ ಇದೇ. ಅದಕ್ಕೆ ಪ್ರಮಾಣಪತ್ರ ಇರಲಿಲ್ಲವೆಂಬುದು ಬೇರೆ ಮಾತು.

ಸಿರಿ ಪಾಡ್ದನದ ದಾಖಲೆಯಲ್ಲಿ ಇದು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಹಾಡಿ ಹೇಳಿದ 15,683 ಸಾಲುಗಳ ಪಾಠ 1998ರಲ್ಲಿ ಫಿನ್ಲೆಂಡಿನಿಂದ ತುಳು ಮೂಲ ಮತ್ತು ಇಂಗ್ಲಿಷ್ ಭಾಷಾಂತರಗಳೊಂದಿಗೆ ಪ್ರಕಟವಾಯಿತು. ಫಿನ್ನಿಶ್ ವಿದ್ವಾಂಸ ಲೌರಿ ಹೊಂಕೊ ಅವರೊಡನೆ ಅನ್ನೆಲಿ ಹೊಂಕೊ, ಕೆ. ಚಿನ್ನಪ್ಪ ಗೌಡ, ಬಿ.ಎ. ವಿವೇಕ ರೈ ಇವರ ಹೆಸರುಗಳೂ ಗ್ರಂಥದ ಮೇಲಿವೆ. ಹಾಡಿದವರ ಹೆಸರು ಶೀರ್ಷಿಕೆಯಲ್ಲಿಯೇ ಇದೆ. ಮ್ಯಾನರ್ ಮಂಗಳೂರಿನಲ್ಲಿ ಪಾಡ್ದನಗಳನ್ನು ಅಚ್ಚುಮಾಡಿದ್ದು 1886ರಲ್ಲಿ. ಹೇಳಿದವರ ಹೆಸರು ಪುಸ್ತಕದ ಒಳಗಿನಿಂದ ಮುಖಪುಟಕ್ಕೆ ಬರಲು 112 ವರ್ಷ ಬೇಕಾಯಿತು.

ರಾಜ್ಯಮಟ್ಟದಲ್ಲಿಯೂ ಭಾಷಾಂತರಕ್ಕೆ ಸಂಸ್ಥೆಗಳು ಒದಗಿವೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಭಾಷಾಂತರ ಅಧ್ಯಯನ ವಿಭಾಗವಿದೆ. 2005ರಲ್ಲಿ ಹುಟ್ಟಿದ ಅನುವಾದ ಸಾಹಿತ್ಯ ಅಕಾಡೆಮಿ ಮುಂದೆ ಕುವೆಂಪು ಭಾಷಾ ಭಾರತಿ ಪ್ರಾಧಿಕಾರವಾಯಿತು. 2008ರಿಂದ ಮೈಸೂರಿನಲ್ಲಿ ರಾಷ್ಟ್ರೀಯ ಅನುವಾದ ಮಿಶನ್ ಇದೆ. ಇವುಗಳ ಗಮನ ಸಹಜವಾಗಿ ಗ್ರಂಥಗಳ ಮೇಲೆ. ಸ್ಥಳೀಯ ಕಾಲೇಜಿಗೆ ಬರುವ ವಿದ್ಯಾರ್ಥಿಯ ಮುಂದಿರುವುದು ಬೇರೆಯೇ ಕೆಲಸ. ಹೂಡೆ, ಕೆಮ್ಮಣ್ಣು, ಕಲ್ಯಾಣಪುರಗಳ ಮನೆಗಳಲ್ಲಿ ಓದಿದ ಹುಡುಗಿಯೊಬ್ಬಳು ಅಜ್ಜಿಯೊಂದಿಗೆ ಮಣಿಪಾಲದ ಆಸ್ಪತ್ರೆಗೆ ಹೋಗುವುದು ಸಾಮಾನ್ಯ ದೃಶ್ಯ. ಅಲ್ಲಿಯ ತರುಣ ವೈದ್ಯರು ದೇಶದ ಯಾವ ಮೂಲೆಯಿಂದಲೂ ಬಂದವರಾಗಿರಬಹುದು. ‘ಉಷ್ಣ ಆಗಿದೆ’ ಎಂದು ಅಜ್ಜಿ ಹೇಳುತ್ತಾಳೆ. ಅದು ಜ್ವರವಲ್ಲ, ಪಥ್ಯ, ಬಿಸಿಲು, ನಿದ್ದೆಗಳೆಲ್ಲ ಸೇರಿದ ದೇಹಸ್ಥಿತಿಯ ಕಲ್ಪನೆ. ಮೊಮ್ಮಗಳು ಅದನ್ನು ಇಂಗ್ಲಿಷಿನ ಜ್ವರವೆಂದು ತಿರುಗಿಸಿದರೆ ತಪಾಸಣೆಯ ದಾರಿಯೇ ಬದಲಾಗುತ್ತದೆ. ಏನನ್ನೂ ಹೇಳದೆ ಬಿಟ್ಟರೆ ಅಜ್ಜಿಯ ಮಾತು ಅಲ್ಲಿಗೇ ಮುಗಿಯುತ್ತದೆ. ಆಕೆ ಮಾಡಬೇಕಾದುದು ಕೋರ್ಟಿನ ಹಳೆಯ ಗುಮಾಸ್ತ ಮಾಡಿದ್ದನ್ನೇ: ಪದವನ್ನು ಹಾಗೆಯೇ ಇಟ್ಟು, ಅಜ್ಜಿಯನ್ನು ಇನ್ನೊಮ್ಮೆ ಕೇಳಿ, ವಿವರಿಸುವುದು. ಇದನ್ನು ಯಾರೂ ಆಕೆಗೆ ಪಾಠವಾಗಿ ಹೇಳಿಕೊಟ್ಟಿಲ್ಲ.

ಕೊಂಕಣಿ 1992ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿದೆ. ತುಳು ಇನ್ನೂ ಕಾಯುತ್ತಿದೆ. ಆದರೂ ತುಳು, ಕೊಂಕಣಿ, ಬ್ಯಾರಿ ಮೂರಕ್ಕೂ ಕರ್ನಾಟಕದಲ್ಲಿ ಸಾಹಿತ್ಯ ಅಕಾಡೆಮಿಗಳಿವೆ, ಮೂರನ್ನೂ ಇಲ್ಲಿ ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ. ಎಂದರೆ ಭಾಷಾಂತರದ ಪಾಠಕ್ಕೆ ಬೇಕಾದ ಲಿಪಿ, ನಿಘಂಟು, ಮುದ್ರಿತ ಸಾಹಿತ್ಯಗಳ ಕೊರತೆ ಈಗ ಇಲ್ಲ. ಪಠ್ಯಸಮಿತಿಗಳು ಒಪ್ಪುವುದಾದರೆ ಮೊದಲ ಅವಧಿಯ ಅಭ್ಯಾಸವನ್ನು ಹೀಗೆ ಇಡಬಹುದು: ಪ್ರತಿ ವಿದ್ಯಾರ್ಥಿಯೂ ಮನೆಯ ಹಿರಿಯರೊಬ್ಬರ ಎದುರು ಕುಳಿತು, ಅವರ ಕಸುಬಿನ ಹತ್ತು ಪದಗಳನ್ನು ಕೇಳಿ, ಕನ್ನಡದಲ್ಲಿ ಬರೆದು, ಬರೆದುದನ್ನು ಅವರಿಗೇ ಮರಳಿ ಓದಿ ಹೇಳಿ ಒಪ್ಪಿಗೆ ಪಡೆಯುವುದು. ಉತ್ತರ ಪತ್ರಿಕೆಯ ಮೇಲ್ತುದಿಯಲ್ಲಿ ಈಗ ವಿದ್ಯಾರ್ಥಿಯ ಹೆಸರಿಗೆ ಮಾತ್ರ ಜಾಗವಿದೆ. ಆ ಹಾಳೆಯಲ್ಲಿ ಹೇಳಿದವರ ಹೆಸರಿಗೂ ಒಂದು ಗೆರೆ ಇರಬೇಕು.